ಯಾರೂ ನೀವದ ಕೈ

"ಇನ್ನು ಹೆಬ್ಬೆರಳು. ಮೆಲ್ಲಗೆ ಹಿಂದಕ್ಕೆ ಬಾಗಿಸಿ," ಎಂದಿತು ಕವಚ.

ಚಂಪಾವತಿ ಅಡುಗೆಕಟ್ಟೆಗೆ ಅಂಗೈ ಊರಿ ಬಾಗಿಸಿದಳು. ಮಿರ್ಚಿ ಕರಿಯುವ ಬಾಣಲೆ ಮಗುಚಿ ಎರಡೂ ಕೈ ಸುಟ್ಟಿದ್ದವು. ಆಸ್ಪತ್ರೆಯಿಂದ ಮನೆಗೆ ಬಂದಂದಿನಿಂದ ಮೊಣಕೈವರೆಗೆ ತೊಟ್ಟ, ತೆಳು ಪೊರೆಯಂಥ ಈ ಕವಚವೇ ಅವಳ ಗುರು. ಸುಟ್ಟಗಾಯ ಮಾಗುವಾಗ ಹೊಸ ಚರ್ಮ ಸೆಟೆದು ಬೆರಳುಗಳನ್ನು ಒಳಕ್ಕೆ ಎಳೆಯುತ್ತದೆ. ಎಲ್ಲಿ ಬಿಗಿದಿದೆ, ಎಲ್ಲಿ ಒಣಗಿದೆ ಎಂದು ಕವಚ ತಾನೇ ಅರಿತು ಎಣ್ಣೆ ಹನಿಸಿ ನೀವುತ್ತಿತ್ತು. ಬೆರಳು ಚಾಚುವ ಕೆಲಸ ಮಾತ್ರ ಅವಳದು.

ಅದನ್ನು ರೂಪಿಸಿದ ಡಾ. ವಸುಧಾ ಹಂಪಿಹೊಳಿ ಅಂದು ಗದಗಿನ ಆ ಮನೆಗೆ ಬಂದಿದ್ದರು. ನೆಟ್ಟಗಿದ್ದ ಬೆರಳುಗಳನ್ನು ಕಂಡು ಅವರಿಗೆ ಹಿಗ್ಗು. 2020ರ ದಶಕದಲ್ಲೆಲ್ಲ ತಂಗಿಯೋ ನೆರೆಯವಳೋ ದಿನವೂ ಕುಳಿತು ನೀವಬೇಕಿತ್ತು, ನೀವುವವರಿಲ್ಲದ ಕೈಗಳು ಮುರುಟಿಹೋಗುತ್ತಿದ್ದವು ಎಂದು ಚಂಪಾವತಿಯ ಅತ್ತೆ ಗಂಗವ್ವನಿಗೆ ವಿವರಿಸಿದರು.

"ಚಲೋ ಆತು ಬಿಡ್ರಿ. ನನಗರ ತಿಕ್ಕಾಕ ಎಲ್ಲಿ ಶಕ್ತಿ ಐತಿ," ಎಂದಳು ಗಂಗವ್ವ.

ಏನಾದರೂ ತೊಂದರೆಯಿದೆಯೇ ಎಂದು ವಸುಧಾ ಕೇಳಿದಾಗ ಚಂಪಾವತಿ ಹೇಳಿದಳು: "ಯಾರೂ ಮುಟ್ಟೂದಿಲ್ರಿ."

"ಅದಕ್ಕಂತನ ಮಾಡೇವಲ್ರಿ. ಸೋಂಕಿನ ಭಯ ಇಲ್ಲ. ನೀವು ಯಾರಿಗೂ ಭಾರ ಅಲ್ಲ."

ವ್ಯಾಯಾಮ ಬಿಟ್ಟು ಬೆರಳು ಮುರುಟಿದರೆ ಮತ್ತೆ ವಾರ್ಡಿಗೆ ಸೇರಿ ನರ್ಸುಗಳ ಕೈಯಿಂದಲೇ ಬಿಡಿಸಿಕೊಳ್ಳಬೇಕಾದೀತೆಂದು ಎಚ್ಚರಿಸಿ ಅವರು ಹೊರಟರು.

ನಾಗರ ಪಂಚಮಿ ಹತ್ತಿರವಿತ್ತು. ಮಧ್ಯಾಹ್ನ ಬಳೆಗಾರ್ತಿ ಹುಸೇನಬಿ ಬಂದಳು. ಗಂಗವ್ವನ ಅಂಗೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದು, ಹಿಸುಕಿ ಮೆದು ಮಾಡಿ, ಗಂಡನ ಮನೆಯ ಹಳೇ ಸುದ್ದಿ ತೆಗೆದು ನಗಿಸುತ್ತ ಹಸಿರು ಬಳೆ ಏರಿಸಿದಳು. ಚಂಪಾವತಿಯೂ ಕೈ ಚಾಚಿದಳು. ಹುಸೇನಬಿ ಹಿಂದೆ ಸರಿದಳು.

"ನಿನ್ನ ಕೈ ನೋಡ್ಕೊಳ್ಳಾಕ ಅದೈತಲ್ಲವ್ವ. ನಾ ಮುಟ್ಟಿ ಏನರ ಆದ್ರ?"

ಬಳೆಗಳನ್ನು ಹಾಳೆಯಲ್ಲಿ ಸುತ್ತಿ ಮುಂದಿಟ್ಟಳು. ಚಂಪಾವತಿಯ ಗಂಡನೂ ಹಾಗೆಯೇ, ಚಹಾದ ಲೋಟವನ್ನು ಹತ್ತಿರವಿಟ್ಟು ಹೋಗುತ್ತಿದ್ದ. ಯಾರಿಗೂ ಅಸಹ್ಯವಿರಲಿಲ್ಲ. ಅಗತ್ಯವಿರಲಿಲ್ಲ, ಅಷ್ಟೆ.

ವಾರ್ಡಿನಲ್ಲಿ, ಕವಚ ಸಿದ್ಧವಾಗುವ ತನಕ, ಒಬ್ಬ ನರ್ಸ್ ಅವಳ ಒಂದೊಂದೇ ಬೆರಳು ಹಿಡಿದು ಬಿಡಿಸುತ್ತ ತನ್ನ ಅತ್ತೆಯನ್ನು ಬಯ್ಯುತ್ತಿದ್ದಳು. ಆ ನೋವಿನಲ್ಲೂ ಚಂಪಾವತಿಗೆ ನಗು ಬರುತ್ತಿತ್ತು.

"ಈಗ ಮುಷ್ಟಿ ಬಿಡಿಸಿ," ಎಂದಿತು ಕವಚ.

ಒಳಗೆ ಗಂಗವ್ವನ ಹೊಸ ಬಳೆಗಳು ಸದ್ದು ಮಾಡಿದವು. ಚಂಪಾವತಿ ಮಡಚಿದ ಬೆರಳುಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. ಕವಚ ಬೇಸರವಿಲ್ಲದೆ ಮತ್ತೊಮ್ಮೆ ಹೇಳಿತು. ಅವಳು ಬಿಡಿಸಲಿಲ್ಲ.