ಡೂಪ್ಲಿಕೇಟ್ ಪಂಪು

ಸುತ್ತಿಗೆ ನನ್ನ ಕಿವಿಯ ಪಕ್ಕದಲ್ಲೇ ಬಿತ್ತು!

ಗೋಡೆಯ ಸಿಮೆಂಟು ಉದುರಿತು. ಫೋರ್‌ಮನ್ ಮಣಿಕಂಠನ್ ಸುತ್ತಿಗೆಯನ್ನು ಮತ್ತೆ ಎತ್ತಿದ. ಮಧ್ಯಾಹ್ನದ ಊಟದ ಹೊತ್ತು. ಫೌಂಡ್ರಿಯಲ್ಲಿ ನಾವಿಬ್ಬರೇ.

"ಅದನ್ನ ಕೆಳಗಿಡು, ಅಮ್ಮಣಿ!"

ನನ್ನ ಕಂಕುಳಲ್ಲಿದ್ದದ್ದು ಮರದ ಪ್ಯಾಟರ್ನ್. ಮರಳಲ್ಲಿ ಒತ್ತಿ, ಆ ಅಚ್ಚಿಗೆ ಕಾದ ಕಬ್ಬಿಣ ಸುರಿದರೆ ಪಂಪಿನ ಮೈ ರೆಡಿ.

ಇದು ಕಳುವಾಗಿದೆ ಅಂತಲೇ ನನ್ನನ್ನು ಕರೆಸಿದ್ದು!

ಕೇಳಿ. ನಾನು ವಿನೋದಿನಿ; 'ಅಮ್ಮಣಿ' ಅಂತ ಈ ಕಡೆ ಯಾವ ಹೆಣ್ಣನ್ನಾದರೂ ಕರೀತಾರೆ. ಕೊಯಮತ್ತೂರಿನಲ್ಲಿ ಪ್ರೈವೇಟ್ ಡಿಟೆಕ್ಟಿವ್. ಮೂರು ದಿನದ ಹಿಂದೆ ಈ ಫೌಂಡ್ರಿಯ ಮಾಲೀಕ ಶಿವಲಿಂಗಂ ಫೋನ್ ಮಾಡಿದರು. ಹತ್ತಿರದ ನೆಗಮಂ ಊರಲ್ಲಿ ಒಬ್ಬ ನೇಕಾರ ಪಂಪಿನ ಶಾಕ್ ಹೊಡೆದು ಸತ್ತಿದ್ದ. ಪಂಪಿನ ಮೇಲೆ ಇವರ ಕಂಪನಿಯ ಹೆಸರು.

"ಅದು ನಮ್ದಲ್ಲ. ಡೂಪ್ಲಿಕೇಟ್! ಅಯ್ಯಾಸಾಮಿ ಪ್ಯಾಟರ್ನ್ ಕದ್ದು ಮಾಡಿದ್ದು. ಅವನನ್ನ ಹಿಡಿದುಕೊಡು, ಸಾಕು."

ಅಯ್ಯಾಸಾಮಿ ಅಂದರೆ ಹೋದ ತಿಂಗಳು ಇವರೇ ಕೆಲಸದಿಂದ ತೆಗೆದ ಬಡಗಿ.

ಕಳ್ಳನ ಹೆಸರನ್ನು ತಾನೇ ಕೊಡುವ ಕ್ಲೈಂಟು... ನನಗೆ ಅಲ್ಲೇ ಡೌಟು!

ನೆಗಮಂಗೆ ಹೋದೆ. ಸತ್ತವನ ಹೆಂಡತಿ ಕಾಮಾಕ್ಷಿಯಮ್ಮ ಪಂಪು ತೋರಿಸಿದರು. ಅದರ ಮೈಮೇಲೆ ಬೆರಳುದ್ದದ ಒಂದು ಉಬ್ಬು. ಫೋಟೋ ತೆಗೆದೆ.

"ಸ್ವಿಚ್ ಹಾಕಿದ್ದಷ್ಟೇ, ತಾಯೀ..."

ಅವರು ಮಗ್ಗದ ಕಡೆ ಕೈ ತೋರಿಸಿದರು. ಮಗ್ಗದಲ್ಲಿ ಅವನು ಅರ್ಧ ನೇಯ್ದ ಸೀರೆ ಹಾಗೇ ಇತ್ತು.

ಅಲ್ಲಿಂದ ನೇರ ಅಯ್ಯಾಸಾಮಿ ಮನೆಗೆ. ಫೋಟೋ ನೋಡಿ ತಲೆಯಾಡಿಸಿದರು.

"ಪ್ಯಾಟರ್ನ್ ಸೀಳು ಬಿಟ್ಟಿತ್ತು. ನಾನೇ ಮೇಲೊಂದು ಮರದ ಪಟ್ಟಿ ಅಂಟಿಸಿದೆ. ಅದೇ ಈ ಉಬ್ಬು. ಆ ಪ್ಯಾಟರ್ನ್ ಎಲ್ಲೂ ಹೋಗ್ಲಿಲ್ಲ ಅಮ್ಮಣಿ, ಫೌಂಡ್ರಿ ಅಟ್ಟದ ಮೇಲೇ ಐತೆ."

"ನಿಮ್ಮನ್ನ ಯಾಕೆ ತೆಗೆದ್ರು?"

"ಮೋಟಾರಿನ ವೈಂಡಿಂಗಿಗೆ ಕೆಟ್ಟ ವೈರು ಹಾಕ್ತಿದೀರ, ಜನ ಸಾಯ್ತಾರೆ ಅಂದೆ. ಮೊದಲಾಳಿ ಶಿವಲಿಂಗಂಗೆ ಕೋಪ ಬಂತು."

ನಂಬಲಿಲ್ಲ. ನಾನು ಯಾರನ್ನೂ ನಂಬುವುದಿಲ್ಲ. ಅದಕ್ಕೇ ಇವತ್ತು ಕದ್ದು ಫೌಂಡ್ರಿಯ ಅಟ್ಟ ಹತ್ತಿದ್ದು. ಪ್ಯಾಟರ್ನ್ ಅಲ್ಲೇ ಇತ್ತು. ಪಟ್ಟಿಯೂ ಇತ್ತು. ಅಂದರೆ ಆ ಪಂಪು ಡೂಪ್ಲಿಕೇಟ್ ಅಲ್ಲ, ಇಲ್ಲೇ ತಯಾರಾದದ್ದು! ಇಳಿಯುವಾಗ ಮಣಿಕಂಠನ್ ಕೈಗೆ ಸಿಕ್ಕಿಬಿದ್ದೆ!

ಸುತ್ತಿಗೆ ಮತ್ತೆ ಬೀಸಿ ಬಂತು.

ಬಗ್ಗಿದೆ. ಒಂದು ಬೊಗಸೆ ಕರಿ ಮರಳು... ನೇರ ಅವನ ಕಣ್ಣಿಗೆ!

ಓಡಿದೆ. ಸ್ಕೂಟರ್ ಕಿಕ್ಕು. ಹಿಂದೆ ಕಂಪನಿಯ ವ್ಯಾನು! ಲೇತ್ ವರ್ಕ್‌ಶಾಪ್‌ಗಳ ಸಂದಿಗೆ ನುಗ್ಗಿದೆ. ವ್ಯಾನು ಸಂದಿಯ ಬಾಯಲ್ಲೇ ಸಿಕ್ಕಿಕೊಂಡಿತು. ನಾನು ನಿಂತದ್ದು ಪೊಲೀಸ್ ಸ್ಟೇಷನ್ ಬಾಗಿಲಲ್ಲಿ.

ಒಂದು ಗಂಟೆ ಕಳೆದು ಶಿವಲಿಂಗಂ ಫೋನು. ದನಿಯಲ್ಲಿ ಬೆಣ್ಣೆ.

"ಪ್ಯಾಟರ್ನ್ ವಾಪಸ್ ಕೊಡು, ಅಮ್ಮಣಿ. ನಿಮ್ಮ ಮನೇಲೂ ಕನ್ನಡ, ನಮ್ಮ ಮನೇಲೂ ಕನ್ನಡ. ನಮ್ಮ ನಮ್ಮಲ್ಲೇ ಮುಗಿಸಿಕೊಳ್ಳೋಣ."

"ಆಗಲಿ ಅಣ್ಣಾ. ಅದಕ್ಕೇ ನಿಮ್ಮ ಹತ್ರ ಕನ್ನಡದಲ್ಲೇ ಮಾತಾಡ್ತಿರೋದು."

"ಮತ್ತೆ... ಯಾವಾಗ ತರ್ತೀಯ?"

"ಇನ್ಸ್‌ಪೆಕ್ಟರ್ ತರ್ತಾರೆ. ಅವರಿಗೆ ತಮಿಳಲ್ಲಿ ಹೇಳಿ ಆಯ್ತು!"