ಕನಕರಾಜನ ಬೋರು

ನಡೆದದ್ದನ್ನೇ ಹೇಳುತ್ತೇನೆ: ಶೀಲಾ ಪ್ರೀತಿಗೆ ಬಿದ್ದದ್ದು ಒಂದು ಸೀನಿನಿಂದ. ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯಲ್ಲಿ ಬಿಲ್ ಬರೆಯುತ್ತಿದ್ದವಳು ಸೀನಿದಳು. ತಾನು ಬೆಳೆದ ಕಾಯಿಯ ಚೀಲ ಇಳಿಸುತ್ತಿದ್ದ ಕನಕರಾಜ ಅದೇ ರಾಗದಲ್ಲಿ ತಿರುಗಿ ಸೀನಿದ. ಅವಳು ಕಣ್ಣು ಕೆಂಪು ಮಾಡಿದಳು. ಘಾಟಿಗೆ ಅವು ಮೊದಲೇ ಕೆಂಪಾಗಿದ್ದರಿಂದ ಅವನಿಗೆ ಸಿಟ್ಟು ಕಾಣಲಿಲ್ಲ.

ಆಮೇಲೆ ದಿನಾ ಫೋನು. ನವಿಲು, ನಾಯಿ, ಅಂಗಡಿಯ ಸಾಹುಕಾರ, ಅವಳಪ್ಪ ಮಲ್ಲೇಶಪ್ಪ, ಎಲ್ಲರೂ ಅವನ ಗಂಟಲಲ್ಲಿದ್ದರು.

ಅವಳ ಶರತ್ತು ಒಂದೇ. ಮೋಟೆಬೆನ್ನೂರಿನ ಅವಳ ಮನೆಯ ಬಾವಿ ಬತ್ತಿ, ಅವಳ ಬಾಲ್ಯವೆಲ್ಲ ಗೋವಾದ ಕೂಲಿಗಳ ತಗಡಿನ ಶೆಡ್ಡುಗಳಲ್ಲಿ ಕಳೆದಿತ್ತು. ಒಂದು ಕಟ್ಟಡ ಮುಗಿದರೆ ಮತ್ತೊಂದು ಶೆಡ್ಡು. ಮದುವೆಯಾದರೆ ಕದಲದ ಮನೆಗೇ. ದೇವರಗುಡ್ಡದ ಪಕ್ಕದ ತನ್ನ ಹೊಲಕ್ಕೆ ಬೋರಿನ ನೀರು ಬೇಕಾದಷ್ಟಿದೆಯೆಂದ ಅವನು, ಸಂಜೆ ಫೋನಿನಲ್ಲೇ ಮೋಟರಿನ ಸದ್ದು ಕೇಳಿಸುತ್ತಿದ್ದ. ಅವಳು ದುಪಟ್ಟಾದ ತುದಿ ಬೆರಳಿಗೆ ಸುತ್ತುತ್ತ ಕೇಳುತ್ತಿದ್ದಳು.

ಹಿರಿಯರು ಅವನ ಮನೆ-ಹೊಲ ನೋಡಲು ಹೊರಟ ದಿನ ಶೀಲಾ ಹಟ ಹಿಡಿದು ತಾನೂ ಹೋದಳು. ಪೈಪಿನಿಂದ ನೀರು ದಪ್ಪಗೆ ಬೀಳುತ್ತಿತ್ತು. ಮೋಟರ್ ಹಚ್ಚಲು ಸ್ಟಾರ್ಟರ್ ಕೋಣೆಗೆ ಹೋದ ಕನಕರಾಜ ಹೊರಗೆ ಬಂದಿರಲಿಲ್ಲ; ಒಳಗಿನಿಂದ ಗುಂಯ್ ಎಂಬ ಸದ್ದು. ಮಲ್ಲೇಶಪ್ಪ ಬೊಗಸೆಯಲ್ಲಿ ಕುಡಿದು, ಮೀಸೆ ಒರೆಸಿಕೊಂಡು, ಮದುವೆ ಯಾವಾಗ ಎಂದೇ ಕೇಳಿಬಿಟ್ಟ.

ಅಷ್ಟರಲ್ಲಿ ಕರೆಂಟ್ ಹೋಯಿತು. ಊರ ಹಿಟ್ಟಿನ ಗಿರಣಿ ನಿಂತಿತು. ಗುಡಿಯ ಮೈಕು ನಿಂತಿತು. ಕನಕರಾಜನ ಮೋಟರ್ ನಿಲ್ಲಲಿಲ್ಲ.

ಶೀಲಾ ಬಾಗಿಲು ತಳ್ಳಿದಳು. ವೈರು ಕಿತ್ತ ಸ್ಟಾರ್ಟರಿನ ಪಕ್ಕ ಅವನು ಕಣ್ಣು ಮುಚ್ಚಿ, ಗಲ್ಲ ಉಬ್ಬಿಸಿ, ಗುಂಯ್ ಅನ್ನುತ್ತಿದ್ದ. ಹಿಂದಿನ ಕಿಟಕಿಯಲ್ಲಿ, ಬಣವೆಯ ಮರೆಗೆ, ಪೈಪು ಕಟ್ಟಿದ ಟ್ಯಾಂಕರ್.

ಬೋರು ಹೋದ ಬೇಸಿಗೆಯಲ್ಲೇ ಬತ್ತಿತ್ತು. ಅವನು ಫೋನು ಮಾಡುತ್ತಿದ್ದದ್ದೂ ಹೊಲದಿಂದಲ್ಲ, ಗೋವಾದ ಮಡಗಾಂವಿನ ಕೂಲಿ ಶೆಡ್ಡಿನಿಂದ. ಇಷ್ಟನ್ನು ಹೇಳುವಾಗ ಅವನ ಗಂಟಲಲ್ಲಿ ಅವನೊಬ್ಬನೇ ಇದ್ದ.

“ನೀರಿಲ್ಲ ಅಂದ್ರ ನೀ ಒಲ್ಲೆ ಅಂತೀ ಅಂತ ಹೆದರಿದ್ದೆ, ಶೀಲಾ. ನಮ್ಮೂರಿಗೆ ಯಾರೂ ಹೆಣ್ಣ ಕೊಡವಲ್ರು.”

“ಒಂದ್ ಮಾತು ಹೇಳಿದ್ರ ಇಬ್ರೂ ಕೂಡಿ ಏನರ ಮಾಡತಿದ್ವಿ. ಬಂದೇ ಬರತಿದ್ದೆ.”

“ಈಗ?”

“ಈಗ ನೀ ಅತ್ತರೂ, ಅದು ಯಾರ ದನಿ ಅಂತ ಕೇಳಬೇಕಾಗತೈತಿ.”

ಟ್ಯಾಂಕರ್ ಬರಿದಾಗಿ ಪೈಪು ಕೆಮ್ಮಿತು. ಹಿರಿಯರು ಬಂದು ನೋಡಿದರು. ಮೊದಲು ನಕ್ಕವಳು ಶೀಲಾಳ ಸೋದರತ್ತೆ ದೇವವ್ವ. ಬೈಯಲು ಬಾಯಿ ತೆರೆದ ಮಲ್ಲೇಶಪ್ಪನೂ ನಕ್ಕುಬಿಟ್ಟ. ಎಲ್ಲರಿಗಿಂತ ಜೋರಾಗಿ ನಕ್ಕವಳು ಶೀಲಾ. ನಗುತ್ತಲೇ ಜೀಪು ಹತ್ತಿದಳು, ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. ಮೋಟೆಬೆನ್ನೂರು ಬರುವ ಹೊತ್ತಿಗೆ ಉಳಿದವರೆಲ್ಲ ನಗುವುದನ್ನು ಬಿಟ್ಟು ಅವಳ ಮುಖ ನೋಡುತ್ತಿದ್ದರು.