ಲಿಂಗಕ್ಕೆ ತೋರಿಸಿದ ಶೇಂಗಾ ಹಾಲು

ಹಾಲಿನ ಲೋಟಗಳ ತಟ್ಟೆ ಹಿಡಿದು ಸರ್ವಮಂಗಳಾ ತಲೆ ಎತ್ತಿ ನೋಡಿದಳು.

ಎದುರಿಗೆ ಕೂತಿದ್ದ ಹರಿಹರದ ಹುಡುಗ, ಕರಿಬಸವರಾಜ, ಲೋಟಕ್ಕೆ ಕೈ ಚಾಚಲೇ ಇಲ್ಲ! ಎರಡೂ ಕೈಗಳನ್ನು ತೊಡೆಯ ಮೇಲಿನ ಟವೆಲ್ಲಿನಡಿ ಹುದುಗಿಸಿಕೊಂಡು, "ಅಲ್ಲೇ ಇಡ್ರಿ," ಎಂದ.

'ನನ್ನ ಕೈಯಿಂದ ತಗೊಳ್ಳೋಕೂ ಬ್ಯಾಡಾಯ್ತಾ? ಅಷ್ಟು ಸೊಕ್ಕಾ...'

ಲೋಟವನ್ನು ಅವನ ಮುಂದೆ ನೆಲಕ್ಕಿಟ್ಟಳು.

ಸಾವಿರದ ಒಂಬೈನೂರ ಎಂಬತ್ತೆರಡರ ಬೇಸಿಗೆ. ದಾವಣಗೆರೆಯ ಹಳೇಪೇಟೆಯ ಆ ಮನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರ. ಹುಡುಗ ಬಟ್ಟೆ ಮಿಲ್ಲಿನಲ್ಲಿ ಆಫೀಸರ್ ಎಂದು ಈ ಸಂಬಂಧ ತಂದ ಮಾಲತೇಶಪ್ಪ ಹೇಳಿದ್ದ. ಬಾದಾಮಿ ಹಾಲಿಗೆಂದು ತಂದ ಹಾಲು ಬಿಸಿಲಿಗೆ ಒಡೆದುಹೋಗಿತ್ತು. ನೆಂಟರು ಆಗಲೇ ಹೊಸ್ತಿಲು ದಾಟಿದ್ದರು.

ಆಗ ಸರ್ವಮಂಗಳಾ ಯಾರಿಗೂ ಹೇಳದೆ ತಾನು ಮಾಡಿಟ್ಟಿದ್ದ ಶೇಂಗಾ ಹಾಲನ್ನು ಲೋಟಗಳಿಗೆ ಸುರಿದಿದ್ದಳು.

ಅವಳು ಕಾಲೇಜಿನಲ್ಲಿ ಗೃಹವಿಜ್ಞಾನ ಕಲಿಸುವವಳು. ಶೇಂಗಾ ರುಬ್ಬಿ ಹಾಲು ತೆಗೆದರೆ ಸ್ವಲ್ಪ ಹೊತ್ತಿಗೆಲ್ಲ ಎಣ್ಣೆ ಮೇಲೆ, ನೀರು ಕೆಳಗೆ. ಅವೆರಡನ್ನೂ ಒಂದಾಗಿ ಹಿಡಿದಿಡುವ ವಸ್ತುವಿಗಾಗಿ ಹುಡುಕಿ ಹುಡುಕಿ ಕೊನೆಗೆ ಸಿಕ್ಕಿದ್ದು ಹುಣಸೆ ಬೀಜ! ಹಣ್ಣು ಬಿಡಿಸಿ ಜನ ತಿಪ್ಪೆಗೆ ಗುಡಿಸುವ ಬೀಜ. ಹುರಿದು, ಸಿಪ್ಪೆ ತೆಗೆದು, ಪುಡಿ ಮಾಡಿ, ಕುದಿಸಿ ಬೆರೆಸಿದರೆ ಹಾಲು ಒಡೆಯುತ್ತಲೇ ಇರಲಿಲ್ಲ.

"ಬಾದಾಮಿ ಹಾಲು, ತಗೊಳ್ರಿ," ಎಂದಳು ಏನೂ ತಿಳಿಯದ ಅವ್ವ.

ಸರ್ವಮಂಗಳಾ ಅಲ್ಲ ಎನ್ನದೆ ಉಳಿದವರಿಗೂ ಲೋಟ ಕೊಟ್ಟಳು. 

ಹುಡುಗನ ಅಜ್ಜಿ ಅಕ್ಕನಾಗಮ್ಮ ಕೊರಳ ಲಿಂಗವನ್ನು ಬಿಚ್ಚಿ ಎಡ ಅಂಗೈಯಲ್ಲಿಟ್ಟುಕೊಂಡರು. ಲೋಟವನ್ನು ಲಿಂಗಕ್ಕೆ ತೋರಿಸಿ ಅರ್ಪಿಸಿ, ಕಣ್ಣು ಮುಚ್ಚಿ, ತುಟಿಯಲ್ಲೇ ಏನೋ ನುಡಿದು, ಆಮೇಲೆ ಕುಡಿದರು.

"ಎಷ್ಟು ಮಂದ ಐತೆ! ಏನ್ ಹಾಕಿಯವ್ವ ಇದಕ್ಕ?"

ಅವಳು ಬಾಯಿ ತೆರೆಯುವ ಮೊದಲೇ ಮಾಲತೇಶಪ್ಪ ಲೋಟ ಮೂಸಿದ.

"ಏ, ಇದು ಮಿಲ್ಲಿನ ಗಂಜಿ ವಾಸ್ನಿ ಅಲ್ಲೇನ್ರೀ! ನೂಲಿಗೆ ಹಾಕ್ತಾರಲ್ಲ, ಹುಣಸೆ ಬೀಜದ್ದು? ಯಾಕ್ರೀ, ಮದ್ವಿ ಗಂಡು ಇಸ್ತ್ರಿ ಮಾಡ್ದಂಗ ನೆಟ್ಟಗ ನಿಲ್ಲಲಿ ಅಂತನಾ?"

ಕೂತವರು ಗೊಳ್ಳೆಂದರು. ಅವ್ವನ ಮುಖ ಬಿಳಿಚಿತು.

"ಹೌದ್ರಿ... ಬಾದಾಮಿ ಅಲ್ಲ," ಎಂದಳು ಸರ್ವಮಂಗಳಾ. ತನ್ನ ದನಿ ತನಗೇ ಕೇಳಿಸಲಿಲ್ಲ.

ಅಜ್ಜಿ ನಗಲಿಲ್ಲ. ಅಂಗೈಯ ಲಿಂಗವನ್ನೇ ನೋಡಿದರು. "ಮೊದ್ಲೇ ಹೇಳ್ಬೇಕಿತ್ತು, ತಂಗಿ," ಎಂದಷ್ಟೇ ನುಡಿದು ಎದ್ದರು.

ಆದರೆ ಕರಿಬಸವರಾಜನ ತುಟಿಯಂಚಿನಲ್ಲಿ ನಗುವಿತ್ತು. ಅವಳು ಕಂಡಳು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು!

ಅಂದಿನಿಂದ ಪೂಜೆಗೆ ಕೂತರೆ ತನ್ನ ಲಿಂಗವನ್ನು ನೋಡಲೂ ನಾಚಿಕೆ. 'ಬೀಜ ಹಾಕಿದ್ದು ತಪ್ಪಲ್ಲ... ಆ ಹಿರಿಯ ಜೀವದ ಕೈಯಿಂದ ನನ್ನ ಸುಳ್ಳನ್ನು ಲಿಂಗಕ್ಕೆ ತೋರಿಸಿಬಿಟ್ಟೆ.'

ಸೋಮವಾರ ಬೆಳಿಗ್ಗೆ ಬೀಜದ ಪುಡಿಯ ಡಬ್ಬಿ ಹಿಡಿದು ಹೊರಟಳು.

"ನೋಡಿ ಹೋದೋರ ಮನಿಗೆ ಹುಡುಗಿ ತಾನಾಗೇ ಹೋಗ್ತಾಳೇನೇ?" ಅವ್ವ ಸೆರಗು ಹಿಡಿದಳು.

"ಮದ್ವಿಗಲ್ಲ ಅವ್ವ, ತಪ್ಪು ಒಪ್ಪಿಕೊಳ್ಳಾಕ."

ಹರಿಹರದಲ್ಲಿ ಬಾಗಿಲು ತೆರೆದವನು ಕರಿಬಸವರಾಜನೇ. ಮಿಲ್ಲಿನ ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಬಂದಿದ್ದ. ಅವಳನ್ನು ಕಂಡೊಡನೆ ಕೈಗಳನ್ನು ಬೆನ್ನ ಹಿಂದೆ ಸರಿಸಿದ. ಆದರೆ ಅವಳು ನೋಡಿಯಾಗಿತ್ತು. ಬಿರುಕುಬಿಟ್ಟ ಬೆರಳುಗಳು, ಉಗುರ ಸಂದಿಯಲ್ಲಿ ಒಣಗಿದ ಗಂಜಿ!

"ನಾನು ಆಫೀಸರ್ ಅಲ್ರಿ," ಅವನೇ ಹೇಳಿದ, ನೆಲ ನೋಡುತ್ತ. "ಮಿಲ್ಲಿನಾಗ ಗಂಜಿ ಕುದಿಸ್ತೀನಿ. ಮಾಲತೇಶಪ್ಪ ಸುಳ್ಳು ಹೇಳ್ದಾಗ ನಾನೂ ಸುಮ್ನಿದ್ದೆ. ಈ ಕೈ ನೋಡಿದ್ರ ನೀವು ಒಲ್ಲೆ ಅಂತೀರಿ ಅಂತ ಅವತ್ತು ಮುಚ್ಚಿಕೊಂಡೆ..."

'ಸೊಕ್ಕು ಅಂದುಕೊಂಡೆನಲ್ಲಾ!' ಅವಳ ಕಣ್ಣು ತುಂಬಿತು.

"ಮತ್ತ... ನಕ್ಕಿದ್ದು ಯಾಕ?"

"ನಾನು ನಾಚ್ಕೊಂಡು ಮುಚ್ಚಿಟ್ಟ ಹುಣಸೆ ಬೀಜದ ಗಂಜಿನೇ ನಿಮ್ಮ ಲೋಟದಾಗ ಇತ್ತಲ್ರಿ! ನಿಮ್ಮನ್ನ ನೋಡಿ ನಗ್ಲಿಲ್ಲ... ದೇವ್ರಾಣಿ."

ಒಳಗೆ ಅವಳು ಅಜ್ಜಿಯ ಕಾಲಿಗೆ ಬಿದ್ದಳು. "ತಪ್ಪಾತು ಅಜ್ಜಿ. ನಿಮ್ಮ ಲಿಂಗಕ್ಕ..."

"ಏಳವ್ವ. ಬೀಜ ಏನ್ ಪಾಪ ಮಾಡೇತಿ? ಲಿಂಗಕ್ಕ ಏನ್ ತೋರಿಸ್ತೀನಿ ಅನ್ನೋದು ನಂಗ ಗೊತ್ತಿರ್ಬೇಕು, ಅಷ್ಟೇ." ಅಜ್ಜಿ ಡಬ್ಬಿಯ ಕಡೆ ನೋಡಿದರು. "ಶೇಂಗಾ ಐತೆ, ಒಲಿ ಐತೆ. ಮಾಡು. ಏ ಬಸ್ಯಾ, ನೀನೂ ಕೈ ತೊಳ್ಕೊಂಡು ಬಾ. ಇಬ್ರೂ ಮೂಕ ಬಸವನಂಗ ಕೂತಿದ್ರಲ್ಲ ಅವತ್ತು!"

ಅವಳು ರುಬ್ಬಿದಳು. ಅವನು ಒಲೆಯ ಮುಂದೆ ಪುಡಿ ಕದಡಿದ.  

"ಶೇಂಗಾ ಹಾಲು, ಅಜ್ಜಿ," ಲೋಟ ಕೊಡುತ್ತ ಸ್ಪಷ್ಟವಾಗಿ ಹೇಳಿದಳು. "ಹುಣಸೆ ಬೀಜ ಹಾಕೀನಿ."

ಅಜ್ಜಿ ಲಿಂಗವನ್ನು ಅಂಗೈಗೆ ತೆಗೆದುಕೊಂಡು ಲೋಟ ತೋರಿಸಿದರು. ಕಣ್ಣು ಮುಚ್ಚಿದರು. ಕುಡಿದರು.

ಸರ್ವಮಂಗಳಾ ಇನ್ನೊಂದು ಲೋಟವನ್ನು ಕರಿಬಸವರಾಜನ ಮುಂದೆ ಹಿಡಿದಳು.

"ಅಲ್ಲೇ ಇಡ್ಲಾ?"

ಅವನು ಎರಡೂ ಕೈಗಳನ್ನು ಚಾಚಿದ, ಬಿರುಕುಗಳೆಲ್ಲ ಕಾಣುವಂತೆ.

"ಕೈಗೇ ಕೊಡ್ರಿ... ಒರಟು ಅದಾವು."

"ಇರ್ಲಿ ಬಿಡ್ರಿ," ಎಂದಳು. ಲೋಟ ಕೊಟ್ಟ ಮೇಲೂ ಅವಳ ಬೆರಳುಗಳು ಅಲ್ಲೇ ಉಳಿದವು.